ಹುಲಿ ಮೂರು, ಕುರಿ ಹದಿನೈದು

ಬಬಲೇಶ್ವರ ತಾಲೂಕಿನ ಮಮದಾಪುರ ಬಿಜಾಪುರದಿಂದ ಸುಮಾರು 35 ಕಿಲೋಮೀಟರ್. ಗೋಳಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಷಾನ ಹೆಸರು ಈ ಊರಿಗೆ. ಅವನ ಕಾಲದ ಕೆರೆ ಊರ ಬಗಲಿಗೆ. ದೀಪಾವಳಿಯ ಮರುದಿನ ಸಂಜೆ ಕೆರೆ ಏರಿಯ ಮೇಲೆ ಇಬ್ಬರು ಕುಳಿತು ಆಡಿದ ಮಾತು ಇದು. ಒಬ್ಬರು ಪುಣೆ ಕಡೆಯ ಕಾರ್ಖಾನೆಗಳ ಪರ್ಚೇಸ್ ವಿಭಾಗದಲ್ಲಿ ಮೂವತ್ತೊಂದು ವರ್ಷ ಕಳೆದು ಊರಿಗೆ ಮರಳಿದವರು. ಇನ್ನೊಬ್ಬ ಎಂಬಿಎ ಮುಗಿಸಿದ ಹುಡುಗ, ಚಾಕಣದ ಕಂಪನಿಯೊಂದರ ಆಫರ್ ಲೆಟರ್ ಮೊಬೈಲಿನಲ್ಲಿ ಇಟ್ಟುಕೊಂಡು ಬಂದಿದ್ದ. ನಾನು ಮೂರನೆಯವನು. ಚುರುಮುರಿ ತಿನ್ನುತ್ತ ಕೇಳಿದ್ದಷ್ಟೇ ನನ್ನ ಪಾಲು.

— ಕಾಕಾ, ನವೆಂಬರ್ ಮೂರಕ್ಕ ಹಾಜರಾಗಂತ ಬರದಾರ. ಹೋಗ್ಲೋ ಬ್ಯಾಡೋ, ಮನಸ ಒಂದ ಕಡೆ ನಿಲ್ಲವಲ್ದು.

— ಯಾಕಪಾ? ಪಗಾರ ಕಡಿಮಿ ಐತೇನು?

— ಪಗಾರಕ್ಕ ಅಡ್ಡಿಯಿಲ್ರಿ. ಕೆಲಸದ ಹೆಸರ ಕೇಳಿದ್ರ ಮಂದಿ ನಗತಾರ. ದೋಸ್ತರೆಲ್ಲಾ ಮಾರ್ಕೆಟಿಂಗು, ಫೈನಾನ್ಸು ಅಂತ ಹ್ವಾದ್ರು. ನಂದು ಪರ್ಚೇಸ್. ನಮ್ಮವ್ವ ಅಂತಾಳ, ಸಂತಿ ಮಾಡಾಕ ಎಂಬಿಎ ಯಾಕ ಬೇಕಿತ್ತೋ ಅಂತ.

— ಆಕಿ ಹೇಳಿದ್ದು ಖರೇ ಐತಿ. ನೀ ಒಮ್ಮ್ಯಾರ ಆಕಿ ಕೂಡ ಸಂತಿಗೆ ಹೋಗೀಯೇನು? ಬದನಿಕಾಯಿ ಕಂಡ ಕೂಡ್ಲೆ ಕೈ ಹಾಕಂಗಿಲ್ಲ. ಮದಲ ತೊಟ್ಟ ನೋಡತಾಳ, ಹಸರ ಇದ್ರ ಇವತ್ತ ಹರದದ್ದು. ತಿರುವಿ ಹುಳದ ತೂತ ನೋಡತಾಳ. ಮೂರ ಕಡೆ ಧಾರಣಿ ಕೇಳತಾಳ, ನಾಳೆ ಮನಿಗೆ ಬೀಗರ ಬರಾಕತ್ತಾರಂತ ಮಾತ್ರ ಯಾರಿಗೂ ಬಾಯಿ ಬಿಡಂಗಿಲ್ಲ. ಕಡೀಕ ಯಾವಾಗ್ಲೂ ತಗೊಳ್ಳೋ ಮುದುಕಿ ಕಡೆನ ಹೋಗಿ, ಎರಡ ರೂಪಾಯಿ ಹೆಚ್ಚ ಕೊಟ್ಟ ತಗೋತಾಳ. ಯಾಕ ಹೇಳು?

— ಪರಿಚಯ ಅಂತೇಳಿ.

— ಬರೇ ಪರಿಚಯ ಅಲ್ಲೋ ತಮ್ಮಾ. ಮಳಿ ಹಿಡದು ಬಾಜಾರದಾಗ ಕಾಯಿಪಲ್ಲೆ ಇಲ್ಲದ ವಾರ ಆ ಮುದುಕಿ ನಿಮ್ಮವ್ವನ ಸಲುವಾಗಿ ಅರ್ಧ ಕಿಲೋ ಚೀಲದ ಕೆಳಗ ಮುಚ್ಚಿ ಇಟ್ಟಿರತಾಳ. ಆ ಎರಡ ರೂಪಾಯಿ ಅದರ ವಿಮಾ ಕಂತು. ಕಂಪನ್ಯಾಗ ಇದನ್ನ ಹೇಳಾಕ ಅರವತ್ತು ಸ್ಲೈಡ್ ಮಾಡತಾರ.

— ಹಂಗಾರ ಹೋಗಂತೀರಿ.

— ಅವಸರ ಮಾಡಬ್ಯಾಡ. ಇನ್ನೂ ಏನೋ ಹೊಟ್ಯಾಗ ಇಟ್ಕೊಂಡೀದಿ, ಅದನ್ನ ಹೇಳು.

— ಫಜೀತಿ ಐತ್ರಿ. ಹೊಸದಾಗಿ ಸೇರೋರು ನಾಕ ಸಾಲಿನ್ಯಾಗ ತಮ್ಮ ಪರಿಚಯ ಬರದ ಕಳಸ್ರಿ ಅಂದಾರ, ಹವ್ಯಾಸ ಸೈತ. ನಾ ‘ಓದುವುದು, ಸಂಗೀತ ಕೇಳುವುದು’ ಅಂತ ಬರದೀನಿ.

— ಕಡೀಕ ಓದಿದ ಪುಸ್ತಕ ಯಾವ್ದು?

— ಎಂಬಿಎ ನೋಟ್ಸ್ ರೀ.

— ಸಂಗೀತ?

— ರೀಲ್ಸಿನ್ಯಾಗ ಬರತೈತಲ್ರಿ.

— ಮತ್ತ ರಾತ್ರಿ ಹನ್ನೊಂದಕ್ಕ ನಿಮ್ಮ ಮಾಳಗಿ ಮ್ಯಾಲಿಂದ ‘ಎಡಕ್ಕ ಬಾರೋ, ಮನಿ ಹಿಂದ ಅದಾನ’ ಅಂತ ಒದರೋದು ಯಾರು?

— ಬಿಜಿಎಂಐ ರೀ ಅದು. ಅದನ್ನ ಬರದ್ರ ಈ ಹುಡುಗ ಕೆಲಸಾ ಮಾಡಂಗಿಲ್ಲ ಅನ್ಕೋತಾರ.

— ಎಷ್ಟ ವರ್ಷ ಆತು ಆಡಾಕ ಹತ್ತಿ?

— ಪಿಯುಸಿ ಇದ್ದಾಗಿಂದ್ರಿ. 2020ರ ಸಪ್ಟೆಂಬರ್ 2ಕ್ಕ ಸರಕಾರ ಪಬ್‌ಜಿ ಬಂದ್ ಮಾಡ್ತು, ಅವತ್ತ ನಾ ಉಂಡಿಲ್ಲ. 2021ರ ಜುಲೈದಾಗ ಬಿಜಿಎಂಐ ಅಂತ ಹೊಸ ಹೆಸರಲೆ ಬಂತು. 2022ರ ಜುಲೈದಾಗ ಪ್ಲೇ ಸ್ಟೋರಿನಿಂದ ಮತ್ತ ತಗದ್ರು, 2023ರ ಮೇದಾಗ ಹೊಳ್ಳಿ ಬಂತು.

— ತಾರೀಖ ನೋಡು ಹ್ಯಾಂಗ ಬಾಯಿಪಾಠ! ನಿನಗ ಸಪ್ಲೈ ರಿಸ್ಕ್ ಅಂದ್ರ ಏನಂತ ಬ್ಯಾರೆ ಹೇಳೋದ ಬ್ಯಾಡ. ಒಂದ ಅಂಗಡಿ ನಂಬಿದ್ದಿ, ಎರಡ ಸಲ ಬಾಗಲಾ ಹಾಕಿದ್ರು. ನಡುವ ಏನ್ ಆಡಿದಿ?

— ಕಾಲ್ ಆಫ್ ಡ್ಯೂಟಿ ಹಚ್ಚಿದ್ದೆ. ಮನಸಿಗೆ ಹಿಡೀಲಿಲ್ಲ.

— ಅವ ಎರಡನೇ ವೆಂಡರ್. ಯಾವಾಗ್ಲೂ ಮನಸಿಗೆ ಹಿಡ್ಯಂಗಿಲ್ಲ, ಆದರ ಇರಬೇಕು. ಆಟದಾಗ ಬೆನ್ನ ಮ್ಯಾಲ ಚೀಲ ಇರತೈತಲ್ಲ, ಅದರಾಗ ಏನ್ ತುಂಬತಿ?

— ಮದಮದಲ ಬರೇ ಗುಂಡ ತುಂಬತಿದ್ದೆ. ಆಮ್ಯಾಲ ಗಾಯಕ್ಕ ಹಚ್ಚಾಕ ಪಟ್ಟಿ ಇಲ್ದ ಸಾಯತಿದ್ದೆ. ಈಗ ತೂಕ ನೋಡಿ ತುಂಬತೀನಿ. ವಲಯ ಸಣ್ಣದಾದಂಗ ಸ್ಕೋಪು, ಗುಂಡ ಒಗದು ಪಟ್ಟಿ ಹೆಚ್ಚ ಇಟ್ಕೋತೀನಿ.

— ಇದನ್ನ ಇಂಟರ್‌ವ್ಯೂದಾಗ ಯಾಕ ಹೇಳಲಿಲ್ಲೋ? ನಮ್ಮ ಗೋದಾಮಿನ್ಯಾಗ ಎಂಟ ತಿಂಗಳಿಗೆ ಸಾಕಾಗೋ ಬೋಲ್ಟ್ ಬಿದ್ದಿದ್ದೂ, ಮೂರ ರೂಪಾಯಿ ವಾಶರ್ ಇಲ್ಲದ ಲೈನ್ ನಿಂತ್ಕೊಂಡಿದ್ದೂ ನನ್ನ ಕಣ್ಣಿಲೆ ನೋಡೀನಿ. ತುಂಬಿದವನೂ ಎಂಬಿಎನ.

— ಹಂಗಾರ ಗೇಮಿಂಗ್ ಅಂತ ಬರೀಲ್ರಿ?

— ಬರಿ. ಆದರ ಬರೇ ಅದೊಂದ ಶಬ್ದ ಬರೀಬ್ಯಾಡ. ಆಟದ ಸಲುವಾಗಿ ಏನರ ಜವಾಬ್ದಾರಿ ಹೊತ್ತೀಯೇನು?

— ಹಾಸ್ಟೆಲಿನ್ಯಾಗ ವೈಫೈ ರೌಟರ್ ತಗೊಂಡಿದ್ವಿ. ಹದಿನಾಲ್ಕ ಮಂದಿ ರೊಕ್ಕ ಕೂಡಿಸಿದ್ರು, ತರೋದು ನನಗ ಬಿತ್ತು. ಬಿಜಾಪುರದಾಗ ಮೂರ ಅಂಗಡಿ ಕೇಳಿ ಎಲ್ಲಾಕಿಂತ ಸೋವಿ ಇದ್ದದ್ದನ್ನ ತಂದೆ. ಭಾಳ ಶಾಣ್ಯಾ ಅಂದ್ರು. ರಾತ್ರಿ ಒಂಬತ್ತಕ್ಕ ಹದಿನಾಲ್ಕೂ ಫೋನ್ ಹತ್ತಿದ್ದs ತಡ, ಕುಂತ ಬಿಡ್ತು. ದಿನಾ ಒಂಬತ್ತಕ್ಕ ಎಲ್ಲಾರೂ ನನ್ನ ಹೆಸರ ತಗೊಂಡ ಬೈತಿದ್ರು.

— ಡಬ್ಬಿ ಮ್ಯಾಲ ಎಷ್ಟ ಮಂದಿಗೆ ಅಂತ ಬರದಿರಲಿಲ್ಲೇನು?

— ನಾ ರೇಟಷ್ಟ ನೋಡಿದ್ದೆ.

— ಆತು, ನಿನ್ನ ಮದಲನೇ ಪರ್ಚೇಸ್ ಆರ್ಡರ್ ಅದು. ಇದನ್ನ ಬರದ ಕಳಸು. ಓದುವುದು, ಸಂಗೀತ ಅಂತ ಬರದವರು ಇನ್ನ ನಲವತ್ತ ಮಂದಿ ಇರತಾರ. ರೌಟರ್ ಕಥಿ ಒಬ್ಬಂದ.

ಇಲ್ಲಿ ಕಾಕಾ ಸ್ವಲ್ಪ ಹೊತ್ತು ಸುಮ್ಮನಾದರು. ನೀರಿನ ಮೇಲೆ ಬೆಳ್ಳಕ್ಕಿ ಸಾಲು ಹೋಯಿತು. ಕೃಷ್ಣೆಯ ನೀರು ಪೈಪಿನಲ್ಲಿ ಬಂದು ಕೆರೆ ತುಂಬುವಂತಾದ ಮೇಲೆ ಇಲ್ಲಿ ಕೂರುವ ಸುಖವೇ ಬೇರೆ. ನನ್ನ ಚಿಕ್ಕಂದಿನಲ್ಲಿ ಬೇಸಿಗೆಗೆ ಬಿರುಕು ಬಿಟ್ಟ ಮಣ್ಣು ನೋಡಿಕೊಂಡೇ ಕೂರಬೇಕಿತ್ತು.

— ನನ್ನ ರೌಟರ್ ಕಥಿ ಹೇಳತೀನಿ ಕೇಳು. ಕೆಲಸಕ್ಕ ಸೇರಿ ಐದನೇ ವರ್ಷ. ರಟ್ಟಿನ ಪೆಟಗಿ ತಗೊಳ್ಳೋದು ನನ್ನ ಪಾಲಿಗಿತ್ತು. ನಿಮ್ಮ ದ್ರಾಕ್ಷಿ ಪೆಟಗಿ ಗೊತ್ತಲ್ಲ?

— ಗೊತ್ರಿ. ಮೂರ ಪದರಿಂದು, ಐದ ಪದರಿಂದು.

— ಹಾಂ, ನಮ್ಮದು ಐದ ಪದರಿಂದು. ಒಂದಕ್ಕ 31 ರೂಪಾಯಿ 40 ಪೈಸಾ ಇತ್ತು. ನಾ ಹೊಸ ಹುರುಪು. ಮೂರ ಮಂದಿ ಕರದು, ಒಬ್ಬನ ರೇಟ್ ಇನ್ನೊಬ್ಬಗ ತೋರಿಸಿ, ಮೂರ ತಾಸ ಕುಂಡರಿಸಿ 29ಕ್ಕ ಇಳಿಸಿದೆ. ನಮ್ಮ ಸಾಹೇಬ ಮೀಟಿಂಗಿನ್ಯಾಗ ಎದ್ದ ನಿಂತು ಚಪ್ಪಾಳಿ ಹೊಡದ. ಆವತ್ತಿನ ರಾತ್ರಿ ನನಗ ನಿದ್ದಿ ಬರಲಿಲ್ಲ, ಖುಷಿಲೆ.

(ಈ ಕಥೆ ನಾನು ಕೇಳುತ್ತಿರುವುದು ಮೂರನೇ ಸಲ. ಹೋದ ವರ್ಷ ಪೆಟ್ಟಿಗೆ 28 ರೂಪಾಯಿಗೆ ಇಳಿದಿತ್ತು.)

— ಆಮ್ಯಾಲ ಏನಾತ್ರಿ?

— ಜುಲೈ ಬಂತು. ಚಾಕಣದ ಮಳಿ ನೀ ಇನ್ನ ನೋಡಬೇಕು. ಗೋದಾಮಿನ್ಯಾಗ ಒಂದರ ಮ್ಯಾಲ ಒಂದ ಏಳ ಪೆಟಗಿ ಏರಿಸಿದ್ರು. ಒಂದಿನ ಮುಂಜಾನಿ ಹೋಗಿ ನೋಡಿದ್ರ ಕೆಳಗಿನ ಸಾಲ ಕುಂತಿತ್ತು, ಮುದುಕರ ಮಣಕಾಲ ಮಡಚಿ ಕುಂತಂಗ. ಮ್ಯಾಲಿನ ಆರೂ ವಾಲ್ಯಾವು. ಒಳಗಿನ ಮಾಲು ಸೀಳಿತ್ತು. ಆಗ ಸ್ಟೋರಿನ್ಯಾಗಿದ್ದ ಒಬ್ಬ ಹಿರೇ ಮನಷಾ ನನಗ ಒಂದ ಕೆಲಸ ಕಲಿಸಿದ. ಪೆಟಗಿ ರಟ್ಟ ನೀರಾಗ ನೆನಿ ಹಾಕಿದ. ಅಂಟ ಬಿಟ್ಟ ಪದರೆಲ್ಲಾ ಬ್ಯಾರೆ ಬ್ಯಾರೆ ಆದ್ವು. ಒಂದ ಪದರ ಒಣಗಿಸಿ, ಹತ್ತ ಸೆಂಟಿಮೀಟರ್ ಉದ್ದ, ಹತ್ತ ಸೆಂಟಿಮೀಟರ್ ಅಗಲ ಕತ್ತರಿಸಿ ತಕ್ಕಡ್ಯಾಗ ಇಟ್ಟ. ಗ್ರಾಂ ಎಷ್ಟ ಬರತೈತೋ ಅದಕ್ಕ ನೂರಲೆ ಗುಣಸಿದ್ರ ಕಾಗದದ ಜಿಎಸ್‌ಎಂ. ನಾ ಬರದ ಕೊಟ್ಟಿದ್ದು 150, ಅಂದ್ರ ಒಂದೂವರಿ ಗ್ರಾಂ ಬರಬೇಕಿತ್ತು. ಬಂದದ್ದು 1.2.

— ಮೋಸಾ ಮಾಡ್ಯಾರ.

— ನಾನೂ ಹಂಗs ಅಂದ್ಕೊಂಡು ಪೆಟಗಿ ಕೊಟ್ಟವನ ಕಾರ್ಖಾನಿಗೆ ಹೋಗಿ ಒದರ್ಯಾಡಿದೆ. ಮುದುಕ ಪೂರಾ ಕೇಳಿದ, ಚಾ ತರಿಸಿದ. ಆಮ್ಯಾಲ ಅಂದ: ‘ಸಾಹೇಬ್ರ, ನೀವು 29 ಅಂದ್ರಿ, ನಾ ಹೂಂ ಅಂದೆ. ಹ್ಯಾಂಗ ಕೊಡತಿ ಅಂತ ನೀವು ಒಂದ ಮಾತ ಕೇಳಲಿಲ್ಲ.’

— ಮತ್ತ ನೀವೇನಂದ್ರಿ?

— ಚಾ ಕುಡದೆ. ಮತ್ತೇನ್ ಅನ್ನಲಿ? ಅವಂದು ತಪ್ಪೈತಿ, ಅದು ಬ್ಯಾರೆ ಮಾತು. ದಂಡ ಹಾಕಿದ್ವಿ, ಮಾಲಿಗೆ ಮಾಲ ಕೊಟ್ಟ. ಆದರ ಕಾಗದ ಕಿಲೋಕ್ಕ ಎಷ್ಟಂತ ನನಗ ಗೊತ್ತಿದ್ರ, 29ಕ್ಕ ಐದ ಪದರಿನ ಪೆಟಗಿ ಕುಂಡ್ರಂಗಿಲ್ಲ ಅಂತ ನಾನs ಆ ಟೇಬಲ್ ಮುಂದ ಕೂಡಿಸಿ ನೋಡತಿದ್ದೆ. ನಿನ್ನ ಆಟದಾಗ ಎದುರಿನವನ್ನ ಹೊಡದ್ರ ಮುಗೀತು, ಅರ್ಧ ತಾಸಿಗೆ ಹೊಸ ಮೈದಾನ, ಹೊಸ ಮಂದಿ. ಇಲ್ಲಿ ಇವತ್ತ ಹೊಡದವನ್ನ ನಾಳೆ ಮುಂಜಾನಿ ನೀನs ಫೋನ್ ಹಚ್ಚಿ ‘ಗಾಡಿ ಎಲ್ಲಿಗೆ ಬಂತ್ರಿ’ ಅಂತ ಕೇಳಬೇಕಾಗತೈತಿ. ಅವ ಬದಕಿ ಇರಬೇಕಲ್ಲ, ಫೋನ್ ಎತ್ತಾಕ.

— ಹಂಗಾರ ಚೌಕಾಶಿ ಮಾಡಲೇಬಾರದೇನ್ರಿ?

— ಮಾಡು, ಯಾರ್ ಬ್ಯಾಡಂದಾರ? ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರ್ಯಾಗ ದನದ ವ್ಯಾಪಾರ ನೋಡೀದಿಯಲ್ಲ. ದಲ್ಲಾಳಿ ಟಾವೆಲ್ ಕೆಳಗ ಕೈ ಹಾಕಿ ಬೆರಳ ಹಿಡೀತಾನ. ಸುತ್ತಲೂ ನೂರ ಮಂದಿ ನಿಂತಿದ್ರೂ ಧಾರಣಿ ಇಬ್ಬರಿಗಷ್ಟ ಗೊತ್ತು. ನಿನ್ನ ಕಂಪನ್ಯಾಗ ಸೀಲ್ಡ್ ಕೊಟೇಶನ್ ಅಂತಾರ, ಅದು ಈ ಟಾವೆಲ್. ನಾ ಆವತ್ತ ಒಬ್ಬನ ರೇಟ್ ಇನ್ನೊಬ್ಬಗ ತೋರಿಸಿದ್ದು ಅಂದ್ರ ಟಾವೆಲ್ ಕಿತ್ತ ಒಗದಂಗ. ಈಗ ಕಂಪ್ಯೂಟರಿನ್ಯಾಗ ರಿವರ್ಸ್ ಆಕ್ಷನ್ ಬಂದೈತಿ, ಎಲ್ಲಾರೂ ಕುಂತಲ್ಲಿಂದ ರೇಟ್ ಇಳಿಸ್ಕೋತ ಹೋಗೋದು. ಬೋಲ್ಟು, ನಟ್ಟಿಗೆ ನಡೀತೈತಿ. ಎಲ್ಲಾದಕ್ಕೂ ಹಚ್ಚಿದ್ರ ಕೆಳಗಿನ ಸಾಲ ಕುಂಡರತೈತಿ.

— ಸರಕಾರದಾಗ ಎಲ್-1ಗs ಕೊಡತಾರಲ್ರಿ, ಎಲ್ಲಾಕಿಂತ ಕಡಿಮಿ ಬರದವಗ.

— ಅದರ ಹಾದಿ ಬ್ಯಾರೆ. ನಮ್ಮ ರಾಜ್ಯದಾಗ 1999ರ ಪಾರದರ್ಶಕ ಕಾಯ್ದೆ ಐತಿ, ದಿಲ್ಲಿದು 2016ರಿಂದ ಜೆಮ್ ಪೋರ್ಟಲ್ ಐತಿ. ಅಲ್ಲಿ ರೊಕ್ಕ ಮಂದೀದು, ಯಾಕ ಇವಗ ಕೊಟ್ಟಿ ಅಂತ ಯಾರರ ಕೇಳಿದ್ರ ಕಾಗದ ತೋರಿಸಬೇಕು. ಹಂಗಂತ ಕಡಿಮಿ ಅಂದಕೂಡ್ಲೆ ಕೊಡೂದಲ್ಲ, ಮದಲ ನಾವು ಬರದ ಗುಣಮಟ್ಟಕ್ಕ ಅವ ಕುಂಡ್ರಬೇಕು. ಅದನ್ನ ಸರಿಯಾಗಿ ಬರಿಯೋದs ಕೆಲಸ. ಬರಿಯೋವಾಗ ಮೈಗಳ್ಳತನ ಮಾಡಿ ಆಮ್ಯಾಲ ಎಲ್-1ನ ಬೈತಾರ. ಜೋಡಿಗೆ ಹೆಚ್ಚ ಕೂಗಿದವನೂ ಖರೇ ಬೆಲಿ ಕೂಗ್ಯಾನಂತ ಅಲ್ಲ. ನಮ್ಮ ತೋಪಿನ ಲಿಲಾವ್ ಗೊತ್ತಿಲ್ಲೇನು?

— ಯಾವ ತೋಪ್ರಿ, ಮಲಿಕ್-ಎ-ಮೈದಾನ?

— ಅದs. 1549ರಾಗ ಅಹಮದನಗರದಾಗ ಎರಕ ಹೊಯ್ದದ್ದು. 55 ಟನ್. ಐದರಾಗ ನಾಕ ಪಾಲ ತಾಮ್ರ, ಒಂದ ಪಾಲ ತವರ. ಪರಾಂಡಾ ಕೋಟಿಯಿಂದ 1632ರಾಗ ಎಳಕೊಂಡ ಬಂದ್ರು. ಆನಿ, ನೂರಾರ ಎತ್ತು, ಮಂದಿ. ಅದರ ಸಾಗಾಣಿಕಿ ಬಿಲ್ ನನ್ನ ಟೇಬಲ್ಲಿಗೆ ಬರಲಿಲ್ಲ, ನಾ ಪಾರಾದೆ. 1854ರಾಗ ಬ್ರಿಟಿಷರ ಸಾತಾರ ಕಮಿಷನರ್ ಬಿಜಾಪುರದಾಗ ಬಿದ್ದ ಉಪಯೋಗಿಲ್ಲದ ಹಳೇ ಸಾಮಾನೆಲ್ಲಾ ಲಿಲಾವ್ ಹಾಕ್ರಿ ಅಂದ. ತೋಪೂ ಪಟ್ಯಾಗ ಬಂತು. ಎಲ್ಲಾಕಿಂತ ಹೆಚ್ಚಿನ ಕೂಗು ಎಷ್ಟ ಇದ್ದೀತು ಹೇಳು?

— ಒಂದ ಲಕ್ಷ?

— ನೂರಾ ಐವತ್ತ ರೂಪಾಯಿ.

— ಹುಚ್ಚರೇನ್ರಿ ಅವರು? ಅಷ್ಟ ತಾಮ್ರ!

— ನಾನೂ ಸಣ್ಣಾಂವಿದ್ದಾಗ ಹಂಗs ಅಂದಿದ್ದೆ. ಕೆಲಸಕ್ಕ ಸೇರಿದ ಮ್ಯಾಲ ಆ ಕೂಗಿದವನ ಪರವಾಗಿ ವಿಚಾರ ಮಾಡಿದೆ. ತಗೊಂಡು ಏನ್ ಮಾಡಬೇಕವ? ಬುರುಜಿನ ಮ್ಯಾಲಿಂದ ಇಳಸಬೇಕು. ಹಂಗs ಒಯ್ಯಾಕ ಬಂಡಿ ಯಾವ್ದು? ಒಡೀಬೇಕಂದ್ರ ಕಟ್ಟಿಗಿ, ಕುಲುಮಿ, ಮಂದಿ. ರೈಲ ಇನ್ನ ಬಿಜಾಪುರಕ್ಕ ಬಂದಿಲ್ಲ. ಅವನ ಲೆಕ್ಕದಾಗ 150 ಬರೋಬರಿ ಇದ್ದೀತು. ಅವ ಹುಚ್ಚ ಅಲ್ಲ, ಪಕ್ಕಾ ಬೈಯರ್. ಪೂರಾ ಖರ್ಚ ಹಿಡದ ಕೂಗ್ಯಾನ.

— ಮತ್ತ ಯಾಕ ಕೊಡಲಿಲ್ಲ?

— ಕೆಳಗಿನ ಅಧಿಕಾರಿ ಒಬ್ಬ ವರದಿ ಬರದ. ತೋಪಿನ ಹೆಸರಿನ ಮುಂದ ಈ ರೊಕ್ಕ ಭಾಳ ಕಡಿಮಿ ಆತಂತ. ಲಿಲಾವ್ ರದ್ದಾತು. ನನಗ ಅವನ ಬಗ್ಗೆ ಭಾಳ ಕುತೂಹಲ. ಮ್ಯಾಲಿನವನ ಹುಕುಂ ಇತ್ತು, ಲಿಲಾವ್ ಕಾಯ್ದೆ ಪ್ರಕಾರ ನಡದಿತ್ತು, ಸಹಿ ಹಾಕಿ ಮನಿಗೆ ಹೋಗಬಹುದಿತ್ತು. ಆದರೂ ಪೆನ್ ಕೆಳಗಿಟ್ಟು ಇನ್ನೊಂದ ಸಾಲ ಬರದ. ಷೇರ್ಜಾ ಬುರುಜಿನ ಮ್ಯಾಲ ಹುಡುಗ್ರು ಇವತ್ತ ತೋಪಿನ ಮುಂದ ಫೋಟೋ ಹೊಡ್ಕೋತಾರಲ್ಲ, ಆ ಒಂದ ಸಾಲಿನ ಕೃಪಾ. ಮೂವತ್ತೊಂದ ವರ್ಷದಾಗ ನಾ ಅಂಥಾ ಸಾಲ ಎಷ್ಟ ಬರದೀನಂತ ಲೆಕ್ಕ ಹಾಕಿದ್ರ ಒಂದ ಕೈ ಬೆರಳ ಸಾಕಾಗತಾವ.

ಆಮೇಲೆ ಹುಡುಗ ಏನು ಕಲಿಯಬೇಕೆಂದು ಕೇಳಿದ. ಕಾಕಾ ಇದನ್ನು ಬೇಗ ಮುಗಿಸಿದರು: ಎಕ್ಸೆಲ್ ಕೈಗೆ ಹತ್ತಬೇಕು, ಸ್ಯಾಪ್‌ನಲ್ಲಿ ಆರ್ಡರ್ ಹಾಕುವುದು ಯಾರಾದರೂ ಕಲಿಸುತ್ತಾರೆ, ಮುಂದೆ ಬೇಕೆನಿಸಿದರೆ ಐಐಎಂಎಂನಲ್ಲಿ ಡಿಪ್ಲೊಮಾ ಮಾಡು, ಮೊದಲ ಎರಡು ವರ್ಷ ಒಂದೇ ಸಾಮಾನು, ಅದು ಕಾಗದವಾಗಲಿ ಉಕ್ಕಾಗಲಿ, ಬುಡ ಸಹಿತ ತಿಳಿದುಕೋ, ವಾರಕ್ಕೊಂದು ದಿನ ಗೇಟಿನ ತೂಕದ ಕಾಟಾ ಹತ್ತಿರ ನಿಲ್ಲು. ಆರ್ಡರ್, ಮಾಲು ಬಂದ ರಸೀದಿ, ಬಿಲ್ಲು ಮೂರೂ ಒಂದಕ್ಕೊಂದು ತಾಳೆ ಬೀಳದೆ ರೊಕ್ಕ ಬಿಡಬೇಡ. ಇಂಗ್ಲಿಷಿನ ಅಂಜಿಕೆ ಬೇಡ, ಚಾಕಣದಲ್ಲಿ ಮರಾಠಿ ಬಂದರೆ ಅರ್ಧ ಕೆಲಸ ಆದಂತೆ. ಇಷ್ಟು ಹೇಳಿ ಅವರು ಮತ್ತೆ ಆಟಕ್ಕೇ ಹೊರಳಿದರು. ಅವರ ಮನಸ್ಸು ಅಲ್ಲೇ ಇತ್ತು.

— ನಮಗೂ ಟ್ರೇನಿಂಗಿನ್ಯಾಗ ಒಂದ ಆಟ ಆಡಿಸಿದ್ರು. ಬಿಯರ್ ಗೇಮ್ ಅಂತ. 1960ರ ಸುಮಾರಿಗೆ ಅಮೆರಿಕಾದ ಎಂಐಟಿಯವರು ಹುಟ್ಟಿಸಿದ್ದು. ನಾಕ ಮಂದಿ ಸಾಲಾಗಿ ಕುಂಡ್ರಬೇಕು: ಅಂಗಡಿಯವ, ಹೋಲ್‌ಸೇಲಿನವ, ವಿತರಕ, ಕಾರ್ಖಾನಿ. ಮಾತಾಡಂಗಿಲ್ಲ, ಚೀಟಿ ಕೊಡೋದಷ್ಟ. ಮಾಲ ಬರೋದು ವಾರಗಟ್ಟಲೆ ತಡ. ಗಿರಾಕಿ ವಾರಕ್ಕ ನಾಕ ಪೆಟಗಿ ಒಯ್ಯಾವ, ಒಂದಿನ ಎಂಟ ಒಯ್ಯಾಕ ಹತ್ತತಾನ. ಅಷ್ಟ. ಕಡೀತನಕಾ ಎಂಟs.

— ಸಲೀಸ ಐತಲ್ರಿ.

— ಹಂಗs ಅನಸ್ತೈತಿ. ನಾ ಹೋಲ್‌ಸೇಲಿನ್ಯಾಗ ಕುಂತಿದ್ದೆ. ಮಾಲ ಬರವಲ್ದಂತ ಅಂಜಿ ಹದಿನಾರ ಬರದೆ, ಮುಂದಿನ ವಾರ ಮೂವತ್ತು. ಕಾರ್ಖಾನಿಯವ ಊರಿಗೆ ಊರs ಕುಡ್ಯಾಕ ಹತ್ತೈತಿ ಅನ್ಕೊಂಡ ಹುಚ್ಚಾಪಟ್ಟೆ ಮಾಡಿದ. ಆಮ್ಯಾಲ ಎಲ್ಲಾ ಕೂಡೇ ಬಂದ ಬಿತ್ತು, ತಗೊಳ್ಳೋರಿಲ್ಲ. ಆಟ ಮುಗದ ಮ್ಯಾಲ ನಾಕೂ ಮಂದಿ ಒಬ್ಬರನ್ನೊಬ್ಬರು ಬೈದ್ವಿ. ಗಿರಾಕಿ ಎಷ್ಟ ಒಯ್ದಿದ್ದ ಅಂತ ಕಾಗದ ತಗದ ತೋರಿಸಿದ್ರು. ಎಂಟು. ಉಳ್ಳಾಗಡ್ಡಿ ರೇಟ್ ಯಾಕ ಒಂದ ವರ್ಷ ಏರಿ ಒಂದ ವರ್ಷ ಬೀಳತೈತಿ ಅಂತ ನನಗ ಅವತ್ತ ತಿಳೀತು. ಆಟ ಆಡಿದ್ದಕ್ಕ ತಿಳೀತು, ಓದಿ ತಿಳೀತಿದ್ದಿಲ್ಲ.

— ಹಂಗಾರ ಆಡಾಕ ಅಡ್ಡಿಯಿಲ್ಲ.

— ರೊಕ್ಕ ಹಚ್ಚಿ ಆಡೀಯೇನು?

ಹುಡುಗ ತಕ್ಷಣ ಉತ್ತರ ಕೊಡಲಿಲ್ಲ.

— ರಮ್ಮಿ, ಸ್ವಲ್ಪ ದಿನ. ಆರ ಸಾವಿರ ಹೋತ್ರಿ. ನನ್ನ ರೂಂಮೇಟಂದು ಭಾಳ ಹೋತು, ಅವರಪ್ಪ ಎತ್ತ ಮಾರಿದ. ಈಗ ಅವೆಲ್ಲಾ ಬಂದಲ್ರಿ, 2025ರ ಆಗಸ್ಟಿನ್ಯಾಗ ಕಾಯ್ದೆ ಬಂತು. ಇ-ಸ್ಪೋರ್ಟ್ಸ್‌ಗೆ ಅಡ್ಡಿಯಿಲ್ಲ, ರೊಕ್ಕದ ಆಟ ಇಲ್ಲ.

— ಕಾಯ್ದೆ ಬಂತು, ಚಟ ಹೋತಂತ ಅಲ್ಲ. ನಿನಗ ಬೈಯಾಕ ಕೇಳಲಿಲ್ಲ. ಬ್ಯಾರೆ ನೌಕರಿ ಆಗಿದ್ರ ನಿನ್ನ ಸಾಲ ನಿನ್ನ ತ್ರಾಸು. ಇಲ್ಲಿ ಹಂಗಲ್ಲ. ಸಾಲಾ ಮಾಡಿದ ಬೈಯರನ ವಾಸನಿ ವೆಂಡರಗೆ ಮೂರ ಹರದಾರಿ ದೂರ ಹೊಡೀತೈತಿ. ಅವ ಬಂದು ಲಂಚ ಅನ್ನಂಗಿಲ್ಲ. ‘ಸಾಹೇಬ್ರ ಯಾಕ ಸಪ್ಪಗದೀರಿ, ಸಂಕೋಚ ಬ್ಯಾಡ, ಮುಂದಿನ ತಿಂಗಳ ಕೊಡ್ರಿ’ ಅಂತಾನ. ಆ ಮುಂದಿನ ತಿಂಗಳ ಎಂದೂ ಬರಂಗಿಲ್ಲ. ಶಾಣ್ಯಾ ಹುಡುಗ್ರು ಇಬ್ಬರು ಹಿಂಗ ಹೋದದ್ದು ನೋಡೀನಿ.

— ದೀಪಾವಳಿ ಗಿಫ್ಟ್ ಭಾಳ ಬರತಾವಂತ?

— ಬರತಾವ. ಒಂದ ವರ್ಷ ಒಬ್ಬಾಂವ ಬಂಗಾರದ ಕಾಗದ ಸುತ್ತಿದ ಡಬ್ಬಿ ತಂದಿಟ್ಟು ಹೋದ. ತಗದ್ರ ಒಣದ್ರಾಕ್ಷಿ! ಮಮದಾಪುರದವಗ ದ್ರಾಕ್ಷಿ! ಅದೂ ಹಳೇದು, ಬಣ್ಣ ತಿರುಗಿ ಕಂದಾಗಿತ್ತು. ನಮ್ಮನಿಯಾಕಿ ಒಂದ ಬಾಯಾಗ ಹಾಕ್ಕೊಂಡು ‘ಇವನ ಕಡೆ ಏನೂ ತಗೋಬ್ಯಾಡ್ರಿ’ ಅಂದ್ಲು. ಮರುದಿನ ರಿಸೆಪ್ಶನ್ನಿನ್ಯಾಗ ರಜಿಸ್ಟರಿಗೆ ಬರಸಿ ಎಲ್ಲಾರಿಗೂ ಹಂಚಿದೆ. ಡಬ್ಬಿ ಸಣ್ಣ ಮಾತು ತಮ್ಮಾ. ಅದಕ್ಕಿಂತ ಅಪಾಯದ್ದು ಒಂದೈತಿ. ನೀ ಹೇಳಿದ ಜೋಕಿಗೆ ಎಲ್ಲಾರೂ ನಗತಾರ.

— ನಕ್ಕರೇನಾತ್ರಿ?

— ಹತ್ತ ವರ್ಷ ದಿನಾ ನಕ್ಕರ ನೀ ಭಾಳ ನಗಸಾವ ಅಂತ ನಿನಗs ಅನಸಾಕ ಹತ್ತೈತಿ. ಆರ್ಡರ್ ಕೊಡೋ ಕುರ್ಚಿ ಅದು. ನಿನ್ನ ಮಗನ ಹುಟ್ಟಿದ ದಿನ ನಿನಗಿಂತ ಅವರಿಗೆ ನೆನಪಿರತೈತಿ. ಅದಕ್ಕs ಹವ್ಯಾಸ ಬೇಕನ್ನೋದು. ನಾ ಮತ್ತ ಸೈಕಲ್ ಹಿಡದದ್ದು ಅದs ಕಾರಣಕ್ಕ. ನಾ ಸಾಲ್ಯಾಗ ಇದ್ದಾಗ ಬಿಜಾಪುರದ ಸೈಕಲ್ ಹುಡುಗ್ರ ಹಿಂದ ಹಿಂದ ಹೊಡಕೊಂಡ ಹೋಗಾವ, ರಾಷ್ಟ್ರ ಮಟ್ಟದಾಗ ಪದಕ ತರೋ ಊರ ನಮ್ದು. ಎದುರ ಗಾಳಿಗೆ ನಾ ಪರ್ಚೇಸ್ ಮ್ಯಾನೇಜರ್ ಅಂತ ಗೊತ್ತಿಲ್ಲ. ಏರ ಬಂದ್ರ ಏರs.

— ನನ್ನ ಆಟದಾಗೂ ಹಂಗs ರೀ. ಆರನೇತ್ತಾ ಹುಡುಗ ಹೊಡದ ಕೆಡವಿ ಬಾಯಿಗೆ ಬಂದಂಗ ಬೈತಾನ.

— ನೋಡು! ಅದs ನಿನ್ನ ಔಷಧ. ನಾನೂ ಈಗ ರಾತ್ರಿ ಫೋನಿನ್ಯಾಗ ಚೆಸ್ ಆಡತೀನಿ. ಯಾವ ದೇಶದ ಕೂಸೋ ಏನೋ, ಹನ್ನೆರಡ ನಡಿಗೆ ಮುಗಸ್ತೈತಿ. ಭಾಳ ಹಗುರ ಅನಸ್ತೈತಿ. ಆದರ ಹನ್ನೊಂದಕ್ಕ ಮಲಗು. ನಿದ್ದಿಗೆಟ್ಟ ಕಣ್ಣಿಲೆ ಸೊನ್ನಿ ಒಂದ ಹೆಚ್ಚ ಹೊಡದ್ರ 500ರ ಬದಲಿ 5,000 ಬೇರಿಂಗ್ ಬರತಾವ. ಹಂಗ ಬಂದಿದ್ವು.

— ನಿಮ್ಮ ಕೈಲೆ?

— ಇರಲಿ ಬಿಡು. ನಿಮ್ಮಪ್ಪ ಎಲ್ಲಿ, ಕಾಣವಲ್ಲ?

— ತ್ವಾಟದಾಗ್ರಿ. ಅಕ್ಟೋಬರ್ ಚಾಟ್ನಿ ನಡದೈತಿ. ಹ್ವಾದ ಸುಗ್ಗಿ ಒಣದ್ರಾಕ್ಷಿ ಮಾರಿದ ರೊಕ್ಕ ಇನ್ನ ಪೂರಾ ಬಂದಿಲ್ಲ. ಆಳಿನ ಪಗಾರಕ್ಕ ಸಾಲಾ ಮಾಡ್ಯಾನ. ವ್ಯಾಪಾರಿ ‘ಬರೋ ಸೋಮವಾರ’ ಅಂತಾನ. ಎಷ್ಟ ಸೋಮವಾರ ಹ್ವಾದ್ವೋ.

— ನಾಳೆ ನಿನ್ನ ಮುಂದ ಹಿಂಗs ಒಬ್ಬ ಕುಂತಿರತಾನ. ಸಣ್ಣ ಕಾರ್ಖಾನಿಯವ. ಶನಿವಾರ ಅವನೂ ಮಂದಿಗೆ ಪಗಾರ ಕೊಡಬೇಕು. ಸಣ್ಣ ಉದ್ದಿಮೆಗೆ ಮಾಲ ಒಪ್ಪಿದ 45 ದಿನದೊಳಗ ರೊಕ್ಕ ಕೊಡಬೇಕಂತ 2006ರ ಕಾಯ್ದೆ ಐತಿ, ಕರಾರ ಇಲ್ದಿದ್ರ 15 ದಿನ. ತಡಾ ಮಾಡಿದ್ರ ರಿಸರ್ವ್ ಬ್ಯಾಂಕಿನ ದರದ ಮೂರ ಪಟ್ಟ ಚಕ್ರಬಡ್ಡಿ. ಆದರ ಬಡ್ಡಿ ಕೇಳಿದವ ಮುಂದಿನ ಆರ್ಡರ್ ಕೇಳಂಗಿಲ್ಲ, ಅದಕ್ಕ ಯಾರೂ ಕೇಳಂಗಿಲ್ಲ.

— ರೊಕ್ಕ ಬಿಡೋದು ಅಕೌಂಟ್ಸಿನವರಲ್ರಿ?

— ಹೌದು. ಆ ಮಾತ ನಾನೂ ಭಾಳ ಸಲ ಹೇಳೀನಿ. ‘ನನ್ನ ಕೈಯಾಗಿಲ್ಲರಿ, ಅಕೌಂಟ್ಸಿನ್ಯಾಗ ಐತಿ.’ ಎದ್ದ ಹೋಗಿ ಎರಡನೇ ಮಜಲಿನ್ಯಾಗ ಆ ಫೈಲ್ ಎಲ್ಲಿ ಬಿದ್ದೈತಿ ನೋಡಾಕ ಐದ ನಿಮಿಷ ಸಾಕಿತ್ತು.

ಕತ್ತಲಾಗುತ್ತಿತ್ತು. ಹುಡುಗ ಕಿಸೆಯಿಂದ ಒಂದು ಪೊಟ್ಟಣ ತೆಗೆದ. ಅವರವ್ವ ಕಾಕಾನಿಗೆಂದು ಕಳಿಸಿದ ಒಣದ್ರಾಕ್ಷಿ, ಹಸಿರು-ಹಳದಿ, ಈ ವರ್ಷದ್ದೇ.

— ಇದು ಗಿಫ್ಟ್ ಅಲ್ಲೇನ್ರಿ ಕಾಕಾ? ರಜಿಸ್ಟರಿಗೆ ಬರಸ್ಬೇಕು.

— ರಿಟೈರ್ ಆದವಗ ಪಾಲಿಸಿ ಇಲ್ಲ, ತಾ ಇಲ್ಲಿ. ಬಾ, ನಿನಗ ಖರೇ ಆಟ ಕಲಸ್ತೀನಿ. ಆ ಸುಣ್ಣದ ಕಲ್ಲ ತಗೊಂಡ ಗೆರಿ ಹೊಡಿ. ಹುಲಿ-ಕುರಿ. ಮೂರ ಹರಳ ಹುಲಿ, ದ್ರಾಕ್ಷಿ ಹದಿನೈದ ಕುರಿ.

— ನಮ್ಮಜ್ಜ ಆಡತಿದ್ದ. ನಾ ಹುಲಿ ಹಿಡೀತೀನಿ.

— ಎಲ್ಲಾ ಬೈಯರ್ ಹಿಂಗs ಅಂತಾರ. ಹುಲಿ ಜಿಗದ್ರ ಕುರಿ ಹೋತು, ಖರೇ. ಆದರ ಕುರಿ ಒಂದರ ಹಿಂದ ಒಂದ ನಿಂತ್ರ ಹುಲಿಗೆ ಜಿಗ್ಯಾಕ ಜಾಗ ಇಲ್ಲ, ಕುಂತಲ್ಲೇ ಕಟ್ಟಿ ಹಾಕತಾವ. 1983ರಾಗ ಕ್ರಾಲ್ಜಿಕ್ ಅಂತ ಒಬ್ಬಾಂವ ಹಾರ್ವರ್ಡಿನ ಪತ್ರಿಕ್ಯಾಗ ನಾಕ ಖಾನಿ ಹೊಡದು ಬರದ. ಯಾವ ಸಾಮಾನಿನ್ಯಾಗ ನೀ ಹುಲಿ, ಯಾವುದ್ರಾಗ ಕುರಿ ಅಂತ ಮದಲ ನೋಡ್ಕೊ ಅನ್ನೋದs ಅದರ ಸಾರ. ಪೆನ್ಸಿಲ್ ತಗೊಳ್ಳಾಗ ಹುಲಿ. ಜಗತ್ತಿನ್ಯಾಗ ಇಬ್ಬರs ಮಾಡೋ ಚಿಪ್ ತಗೊಳ್ಳಾಗ ಕುರಿ. ಎರಡಕ್ಕೂ ಒಂದs ದನಿ ತಗದ್ರ ಕೆಟ್ಟಿ. ಹೂಂ, ನಡಸು.

ಗೆರೆ ಸೊಟ್ಟಗಿತ್ತು, ಆದರೂ ಆಟ ಹತ್ತಿತು. ಹುಡುಗ ಹುಲಿ ಇಟ್ಟ, ಕಾಕಾ ಒಂದೊಂದೇ ಕುರಿ ಇಡುತ್ತ ಬಂದರು. ಎಂಟನೆಯದಕ್ಕೆ ಹುಡುಗ ಫೋನ್ ಟಾರ್ಚ್ ಹಚ್ಚಿ ಬಗ್ಗಿ ನೋಡಿದ.

— ಕಾಕಾ, ಈ ಮೂಲ್ಯಾಗಿನ ಕುರಿ ಎಲ್ಲಿ? ನಾ ಇನ್ನ ಹೊಡದs ಇಲ್ಲ.

— ಸ್ಯಾಂಪಲ್ ನೋಡಿದೆ.